ಅವರು ಕುಡಿದದ್ದು, ನನಗೆ ಏರಿದ್ದು

ನಮ್ಮ ಊರಿನಲ್ಲಿ ಸೋಮವಾರ ಬೆಳಿಗ್ಗೆ ಯಾರೂ ಬಳೆ ತೊಡಿಸಿಕೊಳ್ಳಲು ಬರುವುದಿಲ್ಲ. ಭಾನುವಾರ ಗಂಡಸರು ಮಧ್ಯಾಹ್ನದ ಊಟ ಮುಗಿಸಿದ್ದೇ ಸಾರಾಯಿ ಅಂಗಡಿಯ ಬೆಂಚು ಹಿಡಿದರೆ ದೀಪ ಹಚ್ಚುವ ತನಕ ಏಳುವುದಿಲ್ಲ. ಹಾಗಾಗಿ ಸೋಮವಾರ ಹೆಂಗಸರ ಬೆರಳು ಊದಿಕೊಂಡಿರುತ್ತವೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಎರಡು ಗಾಜಿನ ಬಳೆ ಒಂದಕ್ಕೊಂದು ತಾಗಿದರೂ ತಲೆಯೊಳಗೆ ಯಾರೋ ತೆಂಗಿನಕಾಯಿ ಒಡೆದಂತಾಗುತ್ತದೆ. ಬಳೆ ಅಂಗಡಿ ನನ್ನದೇ ಆದ್ದರಿಂದ ಬಾಗಿಲು ತೆರೆಯದೆ ವಿಧಿಯಿಲ್ಲ. ತೆರೆದು, ಬಳೆಯ ಸರಗಳ ಮೇಲೆ ದಪ್ಪ ಬಟ್ಟೆ ಹೊದಿಸಿ, ಹಣೆಗೆ ಒದ್ದೆ ಪಂಚೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದೆ.

ನಾನು ಜನ್ಮದಲ್ಲಿ ಒಂದು ತೊಟ್ಟು ಕುಡಿದವಳಲ್ಲ. ಕುಡಿಯುವವರು ನಮ್ಮ ಮನೆಯವರು, ಪಟ್ಟಾಭಿ ಶೆಟ್ಟರು. ಆದರೆ ಅವರ ಹೊಟ್ಟೆಯಲ್ಲಿ ಇರುತ್ತಿದ್ದದ್ದು ನನ್ನ ಕೈಯಡುಗೆ. ನಮ್ಮಲ್ಲಿ ಕುಡಿದವರ ಹೊಟ್ಟೆಯೊಳಗೆ ಯಾರ ಕೈಯ ಅನ್ನ ಇದೆಯೋ ಅವರಿಗೇ ಅಮಲು ಏರುವುದು. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಮ್ಮ ಊರಿಗೆ ಬಸ್ಸು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ನಾವು ಅದಕ್ಕೆ ತಕ್ಕಂತೆ ಬದುಕುವುದನ್ನು ಕಲಿತಿದ್ದೇವೆ. ಮದುವೆಗಳಲ್ಲಿ ಅಡುಗೆ ಮಾಡಿಸುವುದಿಲ್ಲ. ನೆಂಟರು ಮನೆಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹಿಂದೆ ಒಬ್ಬ ಶ್ರೀಮಂತ ಹಟ ಹಿಡಿದು ಊರಿಗೆಲ್ಲ ಊಟ ಹಾಕಿಸಿದಾಗ, ಅಡುಗೆ ಭಟ್ಟ ಸಂಜೆಯ ಹೊತ್ತಿಗೆ ಚಪ್ಪರದ ಕಂಬ ಹತ್ತಿ ಕೂತು, ತಾನು ಹುಣಿಸೆಮರವೆಂದೂ ತನ್ನನ್ನು ಯಾರೂ ಅಲ್ಲಾಡಿಸಬಾರದೆಂದೂ ಕೈಮುಗಿದು ಬೇಡಿಕೊಂಡನಂತೆ. ಸಾರಾಯಿ ಅಂಗಡಿಯ ಮುಂದೆ ನೆಂಚಿಕೊಳ್ಳಲು ಹಸಿ ಕಡಲೆಕಾಯಿ, ಸೌತೆಕಾಯಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಮೊಟ್ಟೆ ಬೇಯಿಸಿ ಮಾರುತ್ತಿದ್ದ ಮುದುಕಿ ಒಬ್ಬಳಿದ್ದಳು. ಅವಳು ನೆಟ್ಟಗೆ ನಿಂತದ್ದನ್ನು ನಾವು ಯಾರೂ ನೋಡಿರಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕುಡಿದವನದು ಅವನಿಗೇ. ಆ ಸಾಹಸ ಮಾಡಿದ ಒಬ್ಬ ಮಹಾನುಭಾವ ಅರ್ಧ ಲೋಟಕ್ಕೇ ನೆಲ ತಬ್ಬಿಕೊಂಡು ಅವ್ವನನ್ನು ಕರೆದನೆಂದು ಹೇಳುತ್ತಾರೆ. ಅಂದಿನಿಂದ ಗಂಡಸರು ಹೊಟ್ಟೆ ಬಿರಿಯ ಉಂಡೇ ಹೋಗುತ್ತಾರೆ. "ಊಟ ಮಾಡ್ದೆ ಕುಡೀಬಾರ್ದಮ್ಮ, ಮೈಗೆ ಒಳ್ಳೇದಲ್ಲ" ಎಂದು ನಮಗೇ ಬುದ್ಧಿ ಹೇಳುತ್ತಾರೆ.

ಮೊದಲು ಕಿವಿಯ ಅಂಚು ಬಿಸಿಯಾಗುತ್ತದೆ. ಒಲೆಯ ಮುಂದೆ ಕೂತಿದ್ದೇನೋ ಎನ್ನುವಂಥ ಬಿಸಿ, ಆದರೆ ಒಲೆ ಆರಿರುತ್ತದೆ. ಆಮೇಲೆ ಮಂಡಿಗಳು ಹಗುರಾಗಿ, ಏನೂ ನಗುವಂಥದ್ದಿಲ್ಲದಿದ್ದರೂ ನಗು ಬರುತ್ತದೆ. ಆ ಸ್ವಲ್ಪ ಹೊತ್ತು, ಸುಳ್ಳೇಕೆ ಹೇಳಲಿ, ನನಗೆ ಇಷ್ಟವಾಗುತ್ತಿತ್ತು. ಬಾಯಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಸಾರಿಗೆ ಉಪ್ಪು ಸಾಲದೆಂದವರಿಗೆ ಏನು ಹೇಳಬೇಕೆಂದು ಬೆಳಗಿನಿಂದ ನುಂಗಿಕೊಂಡಿದ್ದೆನೋ ಅದೆಲ್ಲ ಹೊರಗೆ ಬರುತ್ತಿತ್ತು. ಆದರೆ ಅದಕ್ಕೆ ಬೆಲೆ ಇರಲಿಲ್ಲ. ಬೆಳಿಗ್ಗೆ ಎದ್ದರೆ ಅದು ನಾನು ಆಡಿದ ಮಾತಲ್ಲ, ಅವರ ಸಾರಾಯಿ ಆಡಿಸಿದ ಮಾತು. ಒಮ್ಮೆ ಅವರ ಅಕ್ಕನ ಮನೆಗೆ ಇನ್ನು ಜನ್ಮದಲ್ಲಿ ಕಾಲಿಡುವುದಿಲ್ಲ ಎಂದು ಮೂರು ಬೀದಿಗೆ ಕೇಳುವಂತೆ ಕೂಗಿದ್ದೆ. ಮರುದಿನ ಬಾಳೆಹಣ್ಣು ಹಿಡಿದು ಅಲ್ಲಿಗೇ ಹೋದೆವು. ಅತ್ತಿಗೆ ನಗುತ್ತಲೇ ಕುಂಕುಮ ಕೊಟ್ಟರು.

ಆ ಹೊತ್ತು ಕಳೆದ ಮೇಲೆ ನಾಲಿಗೆ ದಪ್ಪವಾಗುತ್ತದೆ. ಹೊಸಿಲು ಇದ್ದಲ್ಲಿ ಇರುವುದಿಲ್ಲ. ನೆಲ ಮೆಲ್ಲಗೆ ಎದ್ದು ಗೋಡೆಯ ಕಡೆ ವಾಲುತ್ತದೆ, ಬಾಯಲ್ಲಿ ಕಹಿನೀರು ತುಂಬುತ್ತದೆ, ಮತ್ತೆ ಬಚ್ಚಲು. ನಸುಕಿಗೆ ಎಚ್ಚರವಾದರೆ ಎದೆ ಡವಡವ ಎನ್ನುತ್ತಿರುತ್ತದೆ, ಗಂಟಲು ಒಣಗಿದ ಕೆರೆಯಾಗಿರುತ್ತದೆ, ಏನೋ ತಪ್ಪು ಮಾಡಿದ್ದೇನೆ ಎಂಬ ಭಯ ಮೈಮೇಲೆ ಕೂತಿರುತ್ತದೆ. ಯಾವ ತಪ್ಪೆಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ತಪ್ಪು ನನ್ನದಲ್ಲವಲ್ಲ, ಎಲ್ಲಿಂದ ಸಿಗಬೇಕು.

ನಮ್ಮವರು ಕಂಬದ ಹಾಗೆ ನೆಟ್ಟಗೆ ನಡೆದು ಮನೆಗೆ ಬರುತ್ತಿದ್ದರು. ಬಂದವರೇ ನನ್ನ ಕೂದಲು ಹಿಂದಕ್ಕೆ ಹಿಡಿದು ಬಚ್ಚಲಲ್ಲಿ ಕೂರಿಸುತ್ತಿದ್ದರು, ಬೆನ್ನು ನೀವುತ್ತಿದ್ದರು, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸುತ್ತಿದ್ದರು. ಬೀದಿಯವರು ಕಿಟಕಿಯಿಂದ ನೋಡಿ, "ಪಟ್ಟಾಭಿ ಶೆಟ್ರಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು" ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಪಕ್ಕದ ಮನೆಯ ಸಾಕಮ್ಮನ ಗಂಡ ಬಚ್ಚಲ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ.

ಅವರಿಗೆ ಒಂದೇ ಕೊರಗು. ಕುಡಿದು ಕುಡಿದು ಅವರಿಗೆ ಏನೂ ಆಗುತ್ತಿರಲಿಲ್ಲ. "ಇವತ್ತು ಸ್ವಲ್ಪ ಜಾಸ್ತಿನೇ ತಗೊಂಡೆ ಕಣೆ, ಏನಾದ್ರೂ ಗೊತ್ತಾಗ್ಬೋದೇನೋ ಅಂತ. ಊಹೂಂ, ನೀರು ಕುಡ್ದಂಗೆ" ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು. ಮಿಕ್ಕ ಗಂಡಸರದೂ ಅದೇ ಪಾಡು. ಅದಕ್ಕೇ ಅವರು ಕುಡಿತದ ಬದಲು ಹೆಂಡತಿಯರ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದರು. "ನನ್ನ ಹೆಂಡ್ತಿ ಒಂದು ಬಾಟ್ಲಿ ಪೂರ್ತಿ ತಡೀತಾಳೆ, ಮಾರನೆ ದಿನ ಕೋಳಿ ಕೂಗೋ ಮುಂಚೆ ಎದ್ದು ದೋಸೆ ಹುಯ್ತಾಳೆ" ಎಂದು ಒಬ್ಬ ಬೆಂಚು ಗುದ್ದಿದರೆ, ಇನ್ನೊಬ್ಬ ಪೆಚ್ಚಾಗಿ ಮನೆಗೆ ಬಂದು ಹೆಂಡತಿಯನ್ನು ಹಂಗಿಸುತ್ತಿದ್ದ. ನಮ್ಮವರು ಹಂಗಿಸುವವರಲ್ಲ. "ನೀನು ಒಂಚೂರು ತಡ್ಕೊಳ್ಳೋದು ಕಲೀಬೇಕು ಕನಕ" ಎಂದಷ್ಟೇ ಅನ್ನುತ್ತಿದ್ದರು, ಮೆತ್ತಗೆ.

ಇದಕ್ಕೆಲ್ಲ ಒಂದು ಕೊನೆ ಇದೆ, ಅದು ಸೊಸೆ ಬಂದ ದಿನ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ಅತ್ತೆ ಅವಳ ಸೆರಗಿಗೆ ಸೌಟು ಹಾಕಬೇಕು. ಅಂದಿನಿಂದ ಒಲೆ ಅವಳದು, ಮನೆಯ ಗಂಡಸರೆಲ್ಲ ಕುಡಿದದ್ದೂ ಅವಳದು. ನಮ್ಮ ಅತ್ತೆ ನನಗೆ ಸೌಟು ಕೊಡುವಾಗ ಅತ್ತುಬಿಟ್ಟಿದ್ದರು. ಮಗ ಕೈಬಿಟ್ಟುಹೋದ ಎಂದು ಅಳುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಹೋಗಿ ಕೋಣೆಯಲ್ಲಿ ಮಲಗಿದವರು, ಮರುದಿನ ಮಧ್ಯಾಹ್ನದ ತನಕ ಮಗುವಿನ ಹಾಗೆ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡಿದರು. ನಾನು ಬಚ್ಚಲಲ್ಲಿ ಕೂತು ಅವರ ಗೊರಕೆ ಕೇಳುತ್ತಿದ್ದೆ.

ಆಗಲೇ ಅಪ್ಪನ ಜೊತೆ ಸಾರಾಯಿ ಅಂಗಡಿಗೆ ಹೋಗುತ್ತಿದ್ದ ನನ್ನ ಮಗ ಮುರಳಿಗೆ ಮದುವೆ ಗೊತ್ತಾಯಿತು. ಹುಡುಗಿ ವಾರಿಜ, ತೆಳ್ಳಗೆ, ಗಿಣಿಮೂಗಿನವಳು. ಹೆಣ್ಣು ನೋಡಲು ಹೋದಾಗ ನಮ್ಮ ಭಾವನವರು, ಅಂದರೆ ನಮ್ಮವರ ಅಣ್ಣ, ವಾಡಿಕೆಯಂತೆ ಕೇಳಿದರು: "ಹುಡುಗಿ ಎಷ್ಟು ತಡೀತಾಳೆ?" ಹುಡುಗಿಯ ತಾಯಿ ಸೆರಗು ಸರಿಮಾಡಿಕೊಂಡು, "ಭಾನುವಾರ ಭಾನುವಾರ ಅವರಪ್ಪಂಗೆ ಇವಳ ಕೈಲೇ ಅಡುಗೆ ಮಾಡಿಸ್ತೀವಿ. ಅಭ್ಯಾಸ ಚೆನ್ನಾಗಾಗಿದೆ" ಎಂದರು. ಎಲ್ಲರಿಗೂ ತೃಪ್ತಿಯಾಯಿತು. ಹುಡುಗಿ ನೆಲ ನೋಡುತ್ತಿದ್ದಳು. ಅದು ನಾಚಿಕೆಯಲ್ಲ, ಅಂದು ಸೋಮವಾರ.

ಬಳೆ ಶಾಸ್ತ್ರಕ್ಕೆ ನಾನೇ ಕೂತೆ. ಊರಿನ ಎಷ್ಟು ಹೆಣ್ಣುಮಕ್ಕಳ ಕೈ ಹಿಂಡಿ, ಬೆರಳಗೆಣ್ಣು ಮಡಚಿ, ನೋವಾಗದಂತೆ ಬಳೆ ಏರಿಸಿದ್ದೇನೋ. ಅಂದು ವಾರಿಜಳ ಕೈ ಹಿಡಿದರೆ ನನ್ನ ಕೈ ನಿಲ್ಲಲಿಲ್ಲ. ಕೆಲವು ತಿಂಗಳಿಂದ ನಡುಕ ಬಂದಿತ್ತು, ಕುಂಕುಮ ಇಡುವಾಗ ಹಣೆ ಬಿಟ್ಟು ಮೂಗಿಗೆ ಹೋಗುತ್ತಿತ್ತು. ಹಸಿರು ಬಳೆ ಗೆಣ್ಣು ದಾಟುವಾಗ ಚಟ್ಟೆಂದು ಒಡೆದು ಹುಡುಗಿಯ ಮಣಿಕಟ್ಟು ಕೊಯ್ದುಬಿಟ್ಟಿತು. ನೆಂಟರೆಲ್ಲ ಅಪಶಕುನ ಎಂದು ಗುಜುಗುಜು ಮಾಡಿದರು. ಹುಡುಗಿ ಮಾತ್ರ ರಕ್ತ ನೋಡಲಿಲ್ಲ, ನನ್ನ ಮುಖ ನೋಡಿದಳು. "ನಿಮ್ಮ ಕಣ್ಣು ಹಳದಿ ಆಗಿದೆ, ಅತ್ತೆ" ಎಂದಳು.

ನಮ್ಮವರು ಊರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನ ಬಲಪಕ್ಕೆ ಒತ್ತಿದರು. ನಾನು ಕಿರುಚಿದೆ. ಲಿವರು ಕಲ್ಲಿನಂತಾಗಿದೆ, ಇನ್ನು ತಡೆಯುವುದಿಲ್ಲ ಎಂದರು. ಆಮೇಲೆ ನಮ್ಮವರ ಕಡೆ ತಿರುಗಿ, "ಶೆಟ್ರೇ, ಈ ಸ್ಥಿತಿಯಲ್ಲಿ ಇವರು ವರ್ಷ ಕಾಣೋದು ಕಷ್ಟ. ನೀವು ಒಂದಾ ಕುಡಿತ ಬಿಡಿ, ಇಲ್ಲಾ ಇವರ ಕೈಯೂಟ ಬಿಡಿ" ಎಂದರು. ನಮ್ಮವರ ಮುಖ ಸಣ್ಣದಾಯಿತು. ದಾರಿಯುದ್ದಕ್ಕೂ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಮನೆ ಹತ್ತಿರ ಬರುತ್ತಲೂ ಅವರ ಹೆಜ್ಜೆ ಚುರುಕಾಯಿತು. "ಚಿಂತೆ ಮಾಡ್ಬೇಡ ಕನಕ. ಮದುವೆ ಬೇಗ ಮುಗಿಸೋಣ. ಈ ತಿಂಗಳೇ ಮಾಡ್ಬಿಡೋಣ. ಸೌಟು ಆ ಹುಡುಗಿ ಕೈಗೆ ಹೋದ್ರೆ ನೀನು ಆರಾಮಾಗ್ತೀಯ" ಎಂದರು. ನನ್ನ ಪ್ರಾಣ ಉಳಿಸುವ ದಾರಿ ಕಂಡದ್ದಕ್ಕೆ ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ನನಗೂ ಆಯಿತು. ಇದನ್ನು ಮುಚ್ಚಿಟ್ಟರೆ ಕಥೆ ಹೇಳಿ ಪ್ರಯೋಜನವಿಲ್ಲ. ನಮ್ಮ ಅತ್ತೆ ಮಾಡಿದ ಆ ನಿದ್ದೆ ನನಗೆ ಬೇಕಿತ್ತು. ಬೆಳಿಗ್ಗೆ ಎದ್ದು ಬಿಸಿಲಿಗೆ ಮುಖ ಕೊಡಬೇಕಿತ್ತು. ಬಳೆಯ ಸದ್ದು ಬಳೆಯ ಸದ್ದಾಗಿಯೇ ಕೇಳಿಸಬೇಕಿತ್ತು. ಹುಡುಗಿ ಗಟ್ಟಿಯಾಗಿದ್ದಾಳೆ, ಅಭ್ಯಾಸವಿದೆ, ನಾನೂ ಅವಳ ವಯಸ್ಸಿನಲ್ಲೇ ಸೌಟು ಹಿಡಿದಿದ್ದೆ ಎಂದು ಹೇಳಿಕೊಂಡೆ. ಹೇಳಿಕೊಳ್ಳುವಾಗಲೆಲ್ಲ ಅವಳ ಮಣಿಕಟ್ಟಿನ ಗಾಯ ಕಣ್ಣಿಗೆ ಬರುತ್ತಿತ್ತು. ಅದನ್ನು ಅತ್ತ ಸರಿಸಿ ಮತ್ತೆ ನಿದ್ದೆಯ ಬಗ್ಗೆ ಯೋಚಿಸುತ್ತಿದ್ದೆ.

ಮದುವೆಗೆ ಒಂದು ವಾರ ಇದ್ದಾಗ ವಾರಿಜ ಒಬ್ಬಳೇ ಅಂಗಡಿಗೆ ಬಂದಳು. ಬಳೆ ನೋಡುವವಳ ಹಾಗೆ ನಟಿಸಿ ಒಂದೊಂದೇ ಸರ ಎತ್ತಿ ಇಟ್ಟಳು.

"ಅತ್ತೆ, ಒಂದು ಕೇಳ್ಲಾ? ನಮ್ಮಪ್ಪ ಒಬ್ರದ್ದೇ ಆದ್ರೆ ನಂಗೆ ಅಭ್ಯಾಸ ಇದೆ. ಇಲ್ಲಿ ಇಬ್ರು ಅಲ್ವಾ. ಒಟ್ಟಿಗೆ ಬರುತ್ತಾ, ಒಬ್ಬರಾದ ಮೇಲೆ ಒಬ್ಬರದ್ದಾ?"

"ಮುರಳೀದು ಮೊದ್ಲು ಬರುತ್ತೆ. ಅವನು ಬೇಗ ಹೋಗ್ತಾನೆ" ಎಂದೆ. "ಮಾವನದ್ದು ನಿಧಾನ. ಆದ್ರೆ ಭಾರ."

"ಹೂಂ" ಎಂದು ಲೆಕ್ಕ ಹಾಕುವವಳಂತೆ ತಲೆಯಾಡಿಸಿದಳು. "ಅಮ್ಮ ಹೇಳಿದ್ರು, ಮೊದಲ ಮಗು ಆಗೋವಾಗ ಸ್ವಲ್ಪ ಹುಷಾರಾಗಿರ್ಬೇಕಂತೆ. ಹೇಗೆ ಹುಷಾರಾಗಿರೋದು ಅಂತ ಕೇಳಿದ್ರೆ ಸುಮ್ನಾಗ್ತಾರೆ."

ನಾನೂ ಸುಮ್ಮನಾದೆ. ನನಗೆ ಮುರಳಿಗಿಂತ ಮುಂಚೆ ನಿಲ್ಲದೆ ಹೋದ ಒಂದು ಬಸಿರು ಇತ್ತು. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅದು ದಸರೆಯ ವಾರ, ಗಂಡಸರಿಗೆ ಹಬ್ಬ.

ಮರುದಿನ ನನಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮುರಳಿ ಚಪ್ಪರದ ಕೆಲಸಕ್ಕೆ ಹೋಗಿದ್ದ. ಒಲೆ ಹಚ್ಚುವವರಿಲ್ಲ. ಸಾಕಮ್ಮ ತಲೆನೋವೆಂದು ಬಾಗಿಲು ಹಾಕಿಕೊಂಡಿದ್ದಳು. ಕೊನೆಗೆ ನಮ್ಮವರೇ ಅಡುಗೆಮನೆಗೆ ಹೋದರು. ಪಾತ್ರೆ ಬಿದ್ದ ಸದ್ದು, ಉಫ್ ಉಫ್ ಎಂದು ಒಲೆ ಊದುವ ಸದ್ದು, ಸೀದ ವಾಸನೆ. ಮಧ್ಯಾಹ್ನದ ಹೊತ್ತಿಗೆ ಹುಬ್ಬಿಗೆಲ್ಲ ಬೂದಿ ಮೆತ್ತಿಕೊಂಡು ಒಂದು ಬಟ್ಟಲು ನುಚ್ಚಕ್ಕಿ ಗಂಜಿ ತಂದರು. ತಳಹಿಡಿದಿತ್ತು, ಉಪ್ಪಿರಲಿಲ್ಲ. ಇನ್ನೊಬ್ಬರ ಕೈಯಡುಗೆ ತಿಂದು ನನಗೆ ಎಷ್ಟು ಕಾಲವಾಗಿತ್ತೆಂದರೆ, ಬಟ್ಟಲು ಬಳಿದು ತಿಂದೆ. ಅವರು ಸಂತೋಷದಿಂದ ಕೈ ತೊಳೆದುಕೊಂಡು, ಅಂಗಡಿಯಲ್ಲಿ ಕೂತಿರುತ್ತೇನೆಂದು ಹೊರಟರು.

ಅಂಗಡಿ ನಮ್ಮ ಮನೆಯ ಮುಂಭಾಗದಲ್ಲೇ. ಅವರು ಗಿರಾಕಿಯೊಬ್ಬಳಿಗೆ ಬಳೆಯ ಅಳತೆ ಕೇಳುವುದು ನನಗೆ ಕೇಳಿಸುತ್ತಿತ್ತು. ಕೋಣೆಯ ಮೂಲೆಯಲ್ಲಿ ಬೀಗರ ಕಡೆಯ ಗಂಡಸರಿಗೆಂದು ತಂದಿಟ್ಟ ಬ್ರಾಂದಿ ಬಾಟಲಿಗಳಿದ್ದವು. ನಾನು ಅವನ್ನು ನೋಡುತ್ತಾ ಮಲಗಿದ್ದೆ. ಆಗ, ಹೊಟ್ಟೆಯಲ್ಲಿ ಬೆಚ್ಚಗೆ ಕೂತಿದ್ದ ಗಂಜಿ ನೆನಪಿಗೆ ಬಂತು. ನಮ್ಮ ಊರಿನಲ್ಲಿ ಇದು ಯಾವ ಹೆಂಗಸಿಗೂ ಹೊಳೆಯದಿದ್ದದ್ದು ದಡ್ಡತನದಿಂದಲ್ಲ. ಗಂಡ ಬೇಯಿಸಿದ್ದು ಯಾವ ಹೆಂಡತಿಯ ಹೊಟ್ಟೆಗೂ ಹೋಗಿರಲಿಲ್ಲ, ಅಷ್ಟೇ.

ಗೋಡೆ ಹಿಡಿದು ಎದ್ದೆ. ಬಾಟಲಿಯ ಮುಚ್ಚಳ ತಿರುಗಿಸಲು ನಡುಗುವ ಕೈಗೆ ಬಹಳ ಹೊತ್ತು ಹಿಡಿಯಿತು. ಮೊದಲ ಗುಟುಕಿಗೆ ಮುಖ ಕಿವುಚಿಕೊಂಡೆ. ಇಷ್ಟು ವರ್ಷ ನನ್ನ ಮೈಯಲ್ಲಿ ಓಡಾಡಿದ್ದರ ರುಚಿ ಇದೆಂದು ಆಗ ಗೊತ್ತಾಯಿತು. ಕೊಳೆತ ಹಣ್ಣಿಗೆ ಸೀಮೆಎಣ್ಣೆ ಹಚ್ಚಿದಂತಿತ್ತು. ಕಿವಿ ಬಿಸಿಯಾಗುವುದನ್ನು ಕಾದೆ. ಆಗಲಿಲ್ಲ. ಇನ್ನೊಂದಿಷ್ಟು ಕುಡಿದೆ.

ಅಂಗಡಿಯಲ್ಲಿ ಮಾತು ನಿಂತಿತು. ಆಮೇಲೆ ನಮ್ಮವರು ನಕ್ಕರು. ಅವರು ಹಾಗೆ ಕಿಲಕಿಲ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ. ಗಿರಾಕಿ, "ಏನಾಯ್ತು ಶೆಟ್ರೇ?" ಎನ್ನುತ್ತಿದ್ದಳು. "ನಿಮ್ಮ ಮೂಗು ಎಷ್ಟು ಚೆನ್ನಾಗಿದೆಯಮ್ಮ, ಮೂಗು ಅಂದ್ರೆ ಮೂಗು" ಎಂದರು ಇವರು. ಅವಳು ಚಪ್ಪಲಿ ಎಳೆದುಕೊಂಡು ಓಡಿದ್ದು ಕೇಳಿಸಿತು. ಬಳೆಯ ಸರವೊಂದು ಝಲ್ಲೆಂದು ಬಿತ್ತು. ನಮ್ಮವರು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ತಬ್ಬಿಕೊಂಡು ಒಳಗೆ ಬಂದರು.

"ಕನಕ, ನೆಲ ಏಳ್ತಾ ಇದೆ ಕಣೆ."

"ಹೌದು, ಏಳುತ್ತೆ" ಎಂದೆ. "ಬಲಗಡೆ ಗೋಡೆ ಹಿಡ್ಕೊಳ್ಳಿ. ಎಡಗಡೇದು ನಂಬೋ ಹಾಗಿಲ್ಲ."

ಅವರು ಬಾಟಲಿ ನೋಡಿದರು, ಗಂಜಿಯ ಬಟ್ಟಲು ನೋಡಿದರು, ನನ್ನನ್ನು ನೋಡಿದರು. ಕಣ್ಣು ಒಂದೊಂದು ಒಂದೊಂದು ಕಡೆ ಇದ್ದರೂ ಅರ್ಥವಾಯಿತು. ಬಚ್ಚಲಿಗೆ ಕರೆದುಕೊಂಡು ಹೋಗಿ ಕೂರಿಸಿ ಬೆನ್ನು ನೀವಿದೆ. ಹಿಡಿಯಲು ಅವರಿಗೆ ಕೂದಲಿರಲಿಲ್ಲ, ಕಿವಿ ಹಿಡಿದುಕೊಂಡೆ. ನಡುವೆ ತಲೆ ಎತ್ತಿ, "ದಿನಾ ಹೀಗೇ ಇರುತ್ತಾ?" ಎಂದು ಕೇಳಿದರು.

"ಇಲ್ಲ. ಭಾನುವಾರ ಜಾಸ್ತಿ."

ಅವರು ಅತ್ತರು. ಅಮಲಿಗೆ ಅತ್ತರೋ ಬೇರೆ ಏನಕ್ಕಾದರೂ ಅತ್ತರೋ ನನಗೆ ಗೊತ್ತಾಗಲಿಲ್ಲ. ಕುಡಿದವರ ಅಳುವಿಗೆ ಬೆಲೆ ಕಟ್ಟಬಾರದೆಂದು ನಮ್ಮ ಊರೇ ನನಗೆ ಕಲಿಸಿತ್ತು. ಮರುದಿನ ಹಣೆಗೆ ಒದ್ದೆ ಪಂಚೆ ಕಟ್ಟಿಕೊಂಡು ಕೂತಿದ್ದರು. ಹೊರಗೆ ಕಾಗೆ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆ ಸಂಜೆ ಸಾರಾಯಿ ಅಂಗಡಿಯ ಕಡೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಆದರೆ ಸೌಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮದುವೆಯ ಏರ್ಪಾಡು ಹೇಗಿತ್ತೋ ಹಾಗೇ ನಡೆಯಿತು. ಕೇಳೋಣವೆಂದು ನಾನು ಬಾಯಿ ತೆರೆದರೆ ನಾಲಿಗೆ ಏಳುತ್ತಿರಲಿಲ್ಲ. ಕಿವಿ ಬಿಸಿಯಾಗದೆ ಮಾತಾಡುವ ರೂಢಿ ನನಗೆ ತಪ್ಪಿಹೋಗಿತ್ತು.

ತಾಳಿ ಕಟ್ಟಿದ್ದಾಯಿತು. ವಾರಿಜ ಸೇರಕ್ಕಿ ಒದ್ದು ಒಳಗೆ ಬಂದಳು. ನೆಂಟರು ಹಾಲ್‌ನಲ್ಲಿ ಸುತ್ತುಗಟ್ಟಿದರು. ಅತ್ತಿಗೆ ಅರಿಸಿನ ಕುಂಕುಮ ಹಚ್ಚಿದ ಸೌಟನ್ನು ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಹುಡುಗಿ ಮಂಡಿಯೂರಿ ಸೆರಗೊಡ್ಡಿದಳು. ಮಣಿಕಟ್ಟಿನ ಗಾಯ ಒಣಗಿ, ಹಸಿರು ಬಳೆಗಳ ನಡುವೆ ಕಪ್ಪು ಗೆರೆಯಾಗಿತ್ತು. ಸೌಟು ನನ್ನ ಕೈಯಲ್ಲಿ ಗಡಗಡ ನಡುಗಿ ತಟ್ಟೆಗೆ ಬಡಿಯುತ್ತಿತ್ತು. ನಿದ್ದೆ ಅಷ್ಟು ಹತ್ತಿರ ಇತ್ತು. ಕೈ ಸಡಿಲ ಬಿಟ್ಟರೆ ಸಾಕಿತ್ತು.

"ಕೊಡಲ್ಲ" ಎಂದೆ.

ಯಾರಿಗೂ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದೆ. "ಈ ಮಗೂಗೆ ನಾನು ಸೌಟು ಕೊಡಲ್ಲ. ನಾನೂ ಇನ್ನು ಹಿಡಿಯಲ್ಲ."

ಹಾಲ್‌ನಲ್ಲಿ ಗದ್ದಲವೇನೂ ಆಗಲಿಲ್ಲ. ನೆಂಟರು ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು. ಅತ್ತಿಗೆ, "ಪಾಪ, ಬೆಳಿಗ್ಗೇನೇ ಏರ್ಬಿಟ್ಟಿದೆ" ಎಂದು ನನ್ನ ತೋಳು ಹಿಡಿದರು. ಭಾವನವರು ತಮ್ಮನ ಕಡೆ ತಿರುಗಿ, "ಏನಯ್ಯಾ ಪಟ್ಟಾಭಿ, ಇವತ್ತೊಂದು ದಿನ ತಡ್ಕೊಳ್ಳೋಕಾಗ್ಲಿಲ್ವಾ? ಎಷ್ಟು ಹಾಕಿದ್ದೀಯ?" ಎಂದರು.

"ಹಾಕಿಲ್ಲ ಅಣ್ಣ."

"ಬಾಯಿ ಬಿಡು."

ನಮ್ಮವರು ಬಾಯಿ ತೆರೆದರು. ಭಾವನವರು ಮೂಸಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮೂಸಿದರು. ಬೀಗರು ಮುಂದೆ ಬಂದು ಕನ್ನಡಕ ತೆಗೆದು ಮೂಸಿದರು. ಅತ್ತಿಗೆ ಮೂಸಿದರು. ಪುರೋಹಿತರು ದೂರದಿಂದಲೇ ಮೂಸಿ ತಲೆಯಾಡಿಸಿದರು. "ಹಂಗಾದ್ರೆ ಮುರಳಿ" ಎಂದು ಯಾರೋ ಅಂದರು. ಮದುವೆಯ ಗಂಡು ಬಾಸಿಂಗದ ಕೆಳಗೆ ಬಾಯಿ ಕಳೆದು ನಿಂತ. ಲವಂಗ ಬಿಟ್ಟರೆ ಅಲ್ಲೂ ಏನೂ ಇರಲಿಲ್ಲ.

ನಾನು ಆಡಿದ ಮಾತಿಗೆ ಬೇರೆ ಯಾರನ್ನೂ ಹೊಣೆ ಮಾಡಲಾಗದೆ ಅವರೆಲ್ಲ ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದರು. ನನ್ನ ಮೈಯೆಲ್ಲ ಬೆವೆತಿತ್ತು. ನೆಲ ಮಾತ್ರ ಇದ್ದಲ್ಲೇ ಇತ್ತು.

"ಮತ್ತೆ ಊಟ?" ಎಂದು ಭಾವನವರು ಕೊನೆಗೆ ಕೇಳಿದರು. "ಈ ಮನೇಲಿ ಅಡುಗೆ ಯಾರು ಮಾಡ್ಬೇಕು?"

ನಮ್ಮವರು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಹುಡುಗಿಯ ಸೆರಗಿಗೆ ಹಾಕಿಬಿಡುತ್ತಾರೋ ಎಂದು ಅಡ್ಡ ಕೈ ಚಾಚಿದೆ. ಅವರು ಸೌಟನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿ, ರೇಷ್ಮೆ ಶಲ್ಯ ತೆಗೆದು ಸೊಂಟಕ್ಕೆ ಸುತ್ತಿಕೊಂಡು, "ಬಾರೋ" ಎಂದು ಮಗನನ್ನು ಕರೆದು ಅಡುಗೆಮನೆಗೆ ಹೋದರು. ಮುರಳಿ ಬಾಸಿಂಗ ಬಿಚ್ಚಿ ಯಾರ ಕೈಗೆ ಕೊಡಬೇಕೆಂದು ತೋಚದೆ ಭಾವನವರ ಕೈಗೇ ಕೊಟ್ಟು ಹಿಂದೆ ಹೋದ. ನಗುವವರು ನಕ್ಕರು. ಬುತ್ತಿ ತಂದವರು ಬುತ್ತಿ ಬಿಚ್ಚಿದರು.

ನಾನು ಕಂಬಕ್ಕೆ ಒರಗಿ ಕೂತೆ. ವಾರಿಜ ಒಡ್ಡಿದ್ದ ಸೆರಗನ್ನು ಹೊದ್ದುಕೊಂಡು ಬಂದು ಪಕ್ಕದಲ್ಲಿ ಕೂತಳು. ಒಳಗೆ ಸಾಸಿವೆ ಸಿಡಿಯುವ ಸದ್ದು ಕೇಳಿತು, ಬೆನ್ನಿಗೇ ಸೀದ ವಾಸನೆ ಹಾಲ್ ತುಂಬಿತು. "ಉರಿ ಸಣ್ಣ ಮಾಡೋ" ಎಂದು ಅಪ್ಪ, "ಎಲ್ಲಿಂದ ಸಣ್ಣ ಮಾಡೋದು" ಎಂದು ಮಗ. ಹುಡುಗಿಯ ಕಾಲು ಏಳಲು ಹವಣಿಸಿ ಅಲುಗಿತು. ನನ್ನ ಕಾಲೂ ಅಲುಗಿತು. ನಾನು ಅವಳ ಮೊಣಕಾಲಿನ ಮೇಲೆ ಕೈ ಇಟ್ಟೆ. ಸಾಸಿವೆ ಪೂರ್ತಿ ಕಪ್ಪಾಗುವ ತನಕ ನಾವಿಬ್ಬರೂ ಅಲ್ಲೇ ಕೂತಿದ್ದೆವು.